ಅಲಮಾರಿಯೊಳಗಿನ ಪುಂಡಿಪಲ್ಯ

ಜರ್ಮನಿಗೆ ಹೋಗಿ ಬಂದವರು ಕೋಟೆಯ ಬಗ್ಗೆ, ನದಿಯ ಬಗ್ಗೆ, ಹಿಮದ ಬಗ್ಗೆ ಬರೆಯುತ್ತಾರೆ. ನಾನು ಹೈಡೆಲ್‌ಬರ್ಗಿನಲ್ಲಿ ಮೂರು ತಿಂಗಳಿಗೆ ನಾಲ್ಕು ದಿನ ಕಡಿಮೆ ಇದ್ದೆ. ಕೋಟೆಯನ್ನು ಕೆಳಗಿನಿಂದ ನೋಡಿದ್ದೇನೆ. ನದಿಯನ್ನು ಎರಡು ಸಲ ದಾಟಿದ್ದೇನೆ. ಆದರೆ ಮೂಲೆ ಮೂಲೆ ಬಿಡದೆ ನೋಡಿದ್ದು ಎಂದರೆ ಒಬ್ಬ ನಿವೃತ್ತ ಟ್ರಾಮ್ ಚಾಲಕನ ಬಟ್ಟೆಯ ಅಲಮಾರಿಯನ್ನು. ಆ ಅಲಮಾರಿಯ ಕಥೆಯನ್ನು ನಮ್ಮ ಮನೆಯಲ್ಲಿ ಬೇರೆ ಥರ ಹೇಳುತ್ತಾರೆ. ಅದರಲ್ಲಿ ನಾನು ಏನೂ ಅರಿಯದ ಹೆಂಗಸು. ಕೇಳಿದವರು ನಗುತ್ತಾರೆ, ನಾನೂ ಅವರ ಜೊತೆ ನಗುತ್ತೇನೆ. ಇಲ್ಲಿ ಬರೆಯುತ್ತಿರುವುದು ಆ ಕಥೆಯಲ್ಲ.

ಫ್ರಾಂಕ್‌ಫರ್ಟ್

ನನ್ನ ತಮ್ಮ ಮಲ್ಲಿಕಾರ್ಜುನ, ಮನೆಯಲ್ಲಿ ಮಲ್ಲು, ಗ್ರೀನ್ ಕಾರ್ಡ್ ಮೇಲೆ ಜರ್ಮನಿಗೆ ಹೋದವನು. ಕಂಪ್ಯೂಟರ್ ಬಲ್ಲವರು ಬೇಕೆಂದು ಆ ದೇಶದವರು ಆಗ ಕರೆದು ಕರೆದು ವೀಸಾ ಕೊಡುತ್ತಿದ್ದರು. ಹೋದ ಎರಡನೆಯ ಚಳಿಗಾಲದಲ್ಲಿ ಅವನು ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಮೊಣಕಾಲ ಕೆಳಗೆ ಎಲುಬು ಮುರಿದುಕೊಂಡ. ಮದುವೆಯಾಗಿರಲಿಲ್ಲ. ರೊಟ್ಟಿ ಬಡಿದು ಹಾಕುವವರು ಬೇಕಿತ್ತು. ವಿಜಯಪುರದ ಹತ್ತಿರ ನಮ್ಮದು ಐದು ಎಕರೆ ದ್ರಾಕ್ಷಿ. ಆ ಸಲ ಹಣ್ಣು ಬೇಗ ಕಟಾವಾಗಿತ್ತು. "ಏಪ್ರಿಲ್ ಚಾಟ್ನಿ ನಾ ನೋಡ್ಕೋತೀನಿ, ನೀ ಹೋಗಿ ಬಾ" ಎಂದ ನನ್ನ ಗಂಡ. ದ್ರಾಕ್ಷಿ ಬಳ್ಳಿ ಕತ್ತರಿಸುವುದಕ್ಕೆ ನಮ್ಮ ಕಡೆ ಚಾಟ್ನಿ ಎನ್ನುತ್ತೇವೆ. ಹದಿನೆಂಟು ವರ್ಷದಲ್ಲಿ ನಾನು ತಪ್ಪಿಸಿಕೊಂಡ ಮೊದಲ ಚಾಟ್ನಿ ಅದು.

ಫ್ರಾಂಕ್‌ಫರ್ಟಿನಲ್ಲಿ ಒಬ್ಬ ಅಧಿಕಾರಿ ನನ್ನ ಚೀಲ ಬಿಚ್ಚಿಸಿದ. ಒಳಗೆ ಅರವತ್ತು ಕಟಕ ರೊಟ್ಟಿ ಇದ್ದವು. ಒಂದನ್ನು ತೆಗೆದು ಮೇಜಿನ ಮೇಲೆ ಬಡಿದ. ಟಣ್ ಎಂದಿತು. ಇನ್ನೊಬ್ಬನನ್ನು ಕರೆದು ಅವನ ಕೈಯಿಂದಲೂ ಬಡಿಸಿದ. ಇದು ತಿನ್ನುವ ವಸ್ತು ಎಂದು ತಿಳಿಸಲು ನನಗೆ ಭಾಷೆ ಇರಲಿಲ್ಲ. ಅವನ ಕೈಯಿಂದಲೇ ಕಿತ್ತುಕೊಂಡು ಕಟಂ ಎಂದು ಕಡಿದು ತೋರಿಸಿದೆ. ಇಬ್ಬರೂ ಎರಡು ಹೆಜ್ಜೆ ಹಿಂದೆ ಸರಿದು, ಹೋಗು ಎಂದು ಕೈ ಮಾಡಿದರು. ನನ್ನ ಸೊಂಟದ ಚಂಚಿಯಲ್ಲಿ ಪುಂಡಿಪಲ್ಯ ಎಂಬ ಹುಳಿ ಸೊಪ್ಪಿನ ಬೀಜವಿತ್ತು. ಅದನ್ನು ಯಾರೂ ಕೇಳಲಿಲ್ಲ.

ಊರಿನಿಂದ ಏನು ತರಲಿ ಎಂದು ಫೋನಿನಲ್ಲಿ ಕೇಳಿದಾಗ ಮಲ್ಲು ಎರಡೇ ಶಬ್ದ ಹೇಳಿದ್ದ: ರೊಟ್ಟಿ, ಪುಂಡಿಪಲ್ಯ. ಪಲ್ಯ ದಾರಿಯಲ್ಲಿ ಕೊಳೆಯುತ್ತದೆ. ಬೀಜ ಒಯ್ದರೆ ಅಲ್ಲೇ ಬೆಳೆದು ಹಾಕಬಹುದು ಎಂಬುದು ನನ್ನ ಲೆಕ್ಕ.

ಮೂರನೆಯ ಮಹಡಿ

ಅವನ ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ, ನಮ್ಮ ದೇವರ ಮಾಡಿನಷ್ಟು ಬಚ್ಚಲು. ದಿನಾ ಬೆಳಿಗ್ಗೆ ಮೈಸೂರಿನ ಪ್ರಸನ್ನ ಕಾರು ತಂದು ಕೆಳಗೆ ನಿಲ್ಲಿಸುತ್ತಿದ್ದ. ಮಲ್ಲುವಿನ ಜೊತೆ ಕೆಲಸ ಮಾಡುವವನು. ಇಬ್ಬರೂ ವಾಲ್‌ಡಾರ್ಫಿನ ಆಫೀಸಿಗೆ ಹೋದರೆ ನಾನು ಸಂಜೆಯವರೆಗೆ ಒಬ್ಬಳೇ.

ಮಲ್ಲು ಅಲ್ಲಿ ಎಷ್ಟು ಹೆದರಿಕೊಂಡು ಬದುಕುತ್ತಿದ್ದಾನೆ ಎಂಬುದು ಮೊದಲ ಭಾನುವಾರ ಗೊತ್ತಾಯಿತು. ಎರಡೂ ಕಂಕುಳಲ್ಲಿ ಊರುಗೋಲು ಇಟ್ಟುಕೊಂಡು ರಸ್ತೆಯ ಅಂಚಿನಲ್ಲಿ ನಿಂತುಬಿಟ್ಟ. ದೀಪ ಕೆಂಪಗಿತ್ತು. ಈ ತುದಿಯಿಂದ ಆ ತುದಿಯವರೆಗೆ ಒಂದು ಸೈಕಲ್ಲೂ ಇಲ್ಲ.

"ನಡಿಯೋ, ಯಾರೂ ಇಲ್ಲ" ಎಂದೆ.

"ಕೆಂಪ್ ಐತಿ ಅಕ್ಕಾ. ಮೇ ತಿಂಗಳದಾಗ ನನ್ನ ಪರ್ಮಿಟ್ ಮುಗೀತೈತಿ, ಹೊಸಾದು ಮಾಡಿಸ್ಬೇಕು. ವೀಸಾ ಆಫೀಸಿನಾಗ ನನ್ನ ಹೆಸರಿನ ಮುಂದ ಒಂದ್ ಕರೇ ಚುಕ್ಕಿ ಇರಬಾರ್ದು. ಇತ್ತಂದ್ರ ಗಂಟು ಮೂಟಿ ಕಟ್ಟು ಅಂತಾರ."

ರಸ್ತೆ ದಾಟಿದ್ದಕ್ಕೆ ದೇಶ ಬಿಡಿಸುತ್ತಾರೆಯೇ ಎಂದು ನಕ್ಕೆ. ಅವನು ನಗಲಿಲ್ಲ. ಮುಂದೆ ಆ ಮೂರು ತಿಂಗಳಲ್ಲಿ ಅವನು ಭಯಪಟ್ಟಿದ್ದೆಲ್ಲ ಆ ಒಂದು ಕಾಗದಕ್ಕೆ. ಗಾಜಿನ ಬಾಟಲಿಯನ್ನು ತಪ್ಪು ಡಬ್ಬಿಗೆ ಹಾಕಿದರೂ ಆ ಕಾಗದ ಅವನ ಕಣ್ಣ ಮುಂದೆ ಬರುತ್ತಿತ್ತು.

ಮೊಸರಿನ ಖಾಲಿ ಡಬ್ಬಿಗಳಲ್ಲಿ ನಾನು ಪುಂಡಿ ಬೀಜ ಊರಿದೆ. ಮಾರ್ಚಿನ ಚಳಿಗೆ ಒಂದೂ ಕಣ್ಣು ಬಿಡಲಿಲ್ಲ. ದಿನಾ ಸಂಜೆ ಅವನು ಬಾಗಿಲಲ್ಲೇ ಕೇಳುತ್ತಿದ್ದ: "ಪುಂಡಿ ಬಂತೇನ?" ಹದಿನೈದು ದಿನ ಇಲ್ಲ ಎಂದು ಹೇಳಿ ನನಗೇ ನಾಚಿಕೆಯಾಗತೊಡಗಿತು. ಐದು ಎಕರೆ ನಡೆಸುವವಳಿಗೆ ಐದು ಡಬ್ಬಿ ನಡೆಸಲು ಆಗಲಿಲ್ಲ.

ಮೆಟ್ಟಿಲು ತೊಳೆದ ದಿನ

ಆ ಕಟ್ಟಡದಲ್ಲಿ ಒಂದು ಪದ್ಧತಿಯಿದೆ. ಯಾರ ಬಾಗಿಲಿಗೆ ಒಂದು ಚಿಕ್ಕ ಮರದ ಹಲಗೆ ತೂಗುಬಿದ್ದಿದೆಯೋ ಆ ವಾರ ಮೆಟ್ಟಿಲು ಸ್ವಚ್ಛ ಮಾಡುವ ಪಾಳಿ ಅವರದು. ಯಾರೂ ಬಂದು ಹೇಳುವುದಿಲ್ಲ, ಯಾರೂ ತಪ್ಪಿಸುವುದಿಲ್ಲ. ಒಂದು ಸೋಮವಾರ ಹಲಗೆ ನಮ್ಮ ಬಾಗಿಲಿಗೆ ಬಂತು.

"ಕಸಾ ಹೊಡದು ಒದ್ದಿ ಅರಿವಿಲೆ ಒರಸು, ಅಷ್ಟ ಸಾಕು" ಎಂದು ಹೇಳಿ ಮಲ್ಲು ಕೆಲಸಕ್ಕೆ ಹೋದ. ಅಷ್ಟು ಮಾಡಿದರೆ ಅದನ್ನು ಸ್ವಚ್ಛ ಎನ್ನುತ್ತಾರೆಯೇ? ಸೀರೆ ಎತ್ತಿ ಕಟ್ಟಿ, ಬಚ್ಚಲಿನಿಂದ ನಾಲ್ಕು ಬಕೆಟ್ ನೀರು ತಂದು ಮೇಲಿನ ಮೆಟ್ಟಿಲಿಂದ ಸುರಿದೆ. ನಮ್ಮಲ್ಲಿ ಅಂಗಳದ ನೀರು ತೋಟಕ್ಕೆ ಹೋಗುತ್ತದೆ. ಇಲ್ಲಿ ಅದು ಸೀದಾ ಎರಡನೆಯ ಮಹಡಿಯ ಬಾಗಿಲ ಸಂದಿಯಿಂದ ಒಳಗೆ ಹೋಯಿತು.

ಬಾಗಿಲು ತೆರೆದು ಎತ್ತರದ ಮುದುಕನೊಬ್ಬ ಹೊರಬಂದ. ಒದ್ದೆಯಾದ ಕಾಲುಚೀಲವನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಕಾಲುಚೀಲವನ್ನು ನೋಡಿದ. ಹೆಸರು ಹೆರ್ ಕ್ರೌಸೆ ಎಂದು ಆಮೇಲೆ ತಿಳಿಯಿತು. ಮೂವತ್ತು ವರ್ಷ ಟ್ರಾಮ್ ಓಡಿಸಿ ಬೆನ್ನು ಹಾಳು ಮಾಡಿಕೊಂಡವನು. ನಾನು ಕೇಳದೆ ಅರಿವೆ ಹಿಡಿದು ಒಳಗೆ ನುಗ್ಗಿದೆ. ನೀರು ಮಲಗುವ ಕೋಣೆಯವರೆಗೆ ಹೋಗಿ ದೊಡ್ಡ ಅಲಮಾರಿಯ ಕೆಳಗೆ ಸೇರುತ್ತಿತ್ತು. ಬಟ್ಟೆ ನೆನೆಯುತ್ತದೆಂದು ಅಲಮಾರಿಯ ಹಿಡಿಕೆಗೆ ಕೈ ಹಾಕಿದೆ. ಅವನು "ನೈನ್, ನೈನ್" ಎಂದು ಓಡಿ ಬಂದ. ಅಷ್ಟರಲ್ಲಿ ಬಾಗಿಲು ತೆರೆದಿತ್ತು.

ಒಳಗೆ ಒಂದು ಅಂಗಿಯೂ ಇರಲಿಲ್ಲ. ಬೆಳ್ಳಿಕಾಗದ ಹಚ್ಚಿದ ಗೋಡೆ, ಮೇಲೆ ಕಣ್ಣು ಕುಕ್ಕುವ ದೀಪ, ಕೆಳಗೆ ನಾಲ್ಕು ಕುಂಡ. ಕುಂಡಗಳಲ್ಲಿ ಕೈಬೆರಳಿನಂತೆ ಸೀಳಿದ ಎಲೆ, ಅಂಚಿನಲ್ಲಿ ಗರಗಸದ ಹಲ್ಲು. ಪುಂಡಿಪಲ್ಯ. ನನ್ನ ಡಬ್ಬಿಯಲ್ಲಿ ಬಾರದ ಪುಂಡಿ ಈ ಮುದುಕನ ಅಲಮಾರಿಯಲ್ಲಿ ಸೊಂಟದೆತ್ತರ ಬೆಳೆದು ನಿಂತಿತ್ತು. ಪಾಪ, ಇವರಿಗೆ ಭೂಮಿ ಕಡಿಮೆ, ಕಾಯಿಪಲ್ಯವನ್ನೂ ಅಲಮಾರಿಯಲ್ಲಿ ಬೆಳೆಯಬೇಕಾಗಿದೆ ಎಂದುಕೊಂಡೆ.

ಕ್ರೌಸೆ ತಲೆಯ ಮೇಲೆ ಕೈಯಿಟ್ಟು ಹಾಸಿಗೆಯ ಮೇಲೆ ಕೂತುಬಿಟ್ಟಿದ್ದ. ನಾನು ಅವನ ಭುಜ ತಟ್ಟಿದೆ. "ಅಂಜಬ್ಯಾಡ್ರಿ. ನಾವೂ ಬೆಳೀತೀವಿ. ಅಂಗಳದಾಗ."

ಅವನಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಆದರೆ ಪೊಲೀಸರನ್ನು ಕರೆಯುವ ಹೆಂಗಸು ಹೀಗೆ ನಗುವುದಿಲ್ಲ ಎಂದು ತಿಳಿದಿರಬೇಕು, ಮುಖಕ್ಕೆ ಬಣ್ಣ ಬಂತು.

ಎರಡನೆಯ ಮಹಡಿ

ನೆಲ ಒರೆಸಿಯಾದ ಮೇಲೂ ನನಗೆ ಅಲ್ಲಿಂದ ಏಳಲು ಆಗಲಿಲ್ಲ. ಗಿಡಗಳ ಸ್ಥಿತಿ ನೋಡಿ ಹೊಟ್ಟೆ ಉರಿಯಿತು. ಎತ್ತರ ಸಾಲದೆ ತುದಿಗಳು ದೀಪಕ್ಕೆ ತಗುಲಿ ಸುಟ್ಟಿದ್ದವು. ಕೆಳಗಿನ ಎಲೆಗಳು ನೆರಳಿನಲ್ಲಿ ಹಳದಿಯಾಗಿದ್ದವು. ಮೂರು ಅಡಿ ಜಾಗದಲ್ಲಿ ಗಿಡವನ್ನು ತೆಂಗಿನ ಮರದಂತೆ ನೆಟ್ಟಗೆ ಬಿಟ್ಟರೆ ಇನ್ನೇನಾಗುತ್ತದೆ?

ದ್ರಾಕ್ಷಿಯನ್ನು ನಾವು ಮೇಲಕ್ಕೆ ಬಿಡುವುದಿಲ್ಲ. ಎದೆಯೆತ್ತರಕ್ಕೆ ಬಂದೊಡನೆ ತುದಿ ಚಿವುಟಿ, ಎಡಕ್ಕೊಂದು ಬಲಕ್ಕೊಂದು ಕೊಂಬೆ ತಿರುಗಿಸಿ, ತಂತಿಯ ಮೇಲೆ ಮಲಗಿಸಿ ಕಟ್ಟುತ್ತೇವೆ. ಆಗ ಬಳ್ಳಿ ಹಂದರವಾಗುತ್ತದೆ, ಒಂದೊಂದು ಎಲೆಗೂ ಬಿಸಿಲು ಸಿಗುತ್ತದೆ. ಬಗ್ಗಿಸುವಾಗ ಹೆಬ್ಬೆರಳಿಗೆ ಕಿವಿ ಇರಬೇಕು. ಕೊಂಬೆ ಮುರಿಯುವ ಮೊದಲು ಒಂದು ಸಣ್ಣ ಸದ್ದು ಮಾಡುತ್ತದೆ, ಅದು ಬೆರಳಿಗೆ ಮಾತ್ರ ಕೇಳುತ್ತದೆ. ಈ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ. ಬೇರೆ ಯಾವುದೂ ಅಷ್ಟು ಚೆನ್ನಾಗಿ ಬರುವುದಿಲ್ಲ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ನಮ್ಮೂರಲ್ಲಿ ಅದರ ಮುಂದೆ ಹೆಣ್ಣುಮಕ್ಕಳಿಗೆ ಶಾಲೆ ಇರಲಿಲ್ಲ.

ಸನ್ನೆಯಲ್ಲೇ ತಂತಿ ಕೇಳಿದೆ. ಕ್ರೌಸೆ ತನ್ನ ಓವನ್ನಿನ ಜಾಲರಿ ತೆಗೆದುಕೊಟ್ಟ. ನನ್ನ ಹಳೆಯ ಇಳಕಲ್ ಸೀರೆಯ ಅಂಚು ಸೀಳಿ ದಾರ ಮಾಡಿದೆ. ಒಂದೊಂದೇ ಗಿಡವನ್ನು ಬಗ್ಗಿಸಿ, ಜಾಲರಿಯ ಕೆಳಗೆ ಚಪ್ಪಟೆ ಮಲಗಿಸಿ ಕಟ್ಟಿದೆ. ಮುದುಕ ನನ್ನ ಬೆರಳುಗಳನ್ನೇ ನೋಡುತ್ತ ನಿಂತ. ಮುಗಿದ ಮೇಲೆ ಒಂದು ಶಬ್ದ ಹೇಳಿದ: "ಮೈಸ್ಟರಿನ್."

ಸಂಜೆ ಮಲ್ಲುವಿಗೆ ಅರ್ಥ ಕೇಳಿದೆ. "ಒಂದ್ ಕೆಲಸದಾಗ ಪೂರ್ತಿ ಪಳಗಿದಾಕಿ ಅಂತ. ಇಲ್ಲಿ ಅದು ದೊಡ್ಡ ಮಾತು ಅಕ್ಕಾ, ಪರೀಕ್ಷೆ ಪಾಸ್ ಮಾಡ್ಬೇಕು. ಯಾರ ಅಂದ್ರು?"

"ಟೀವಿದಾಗ ಬಂತು" ಎಂದೆ. ಮೊದಲ ಸುಳ್ಳು ಅದು. ಅಲಮಾರಿಯ ಮಾತು ತೆಗೆದರೆ ಮೆಟ್ಟಿಲಿಗೆ ನಾಲ್ಕು ಬಕೆಟ್ ಸುರಿದದ್ದನ್ನೂ ಹೇಳಬೇಕಾಗುತ್ತಿತ್ತು.

ಅಂದಿನಿಂದ ದಿನಾ ಬೆಳಿಗ್ಗೆ ಹನ್ನೊಂದಕ್ಕೆ ನಾನು ಕೆಳಗಿಳಿಯುತ್ತಿದ್ದೆ. ಗಿಡ ದಿನಕ್ಕೆ ಎರಡು ಬೆರಳು ಏಳುತ್ತಿತ್ತು, ನಾನು ಎರಡು ಬೆರಳು ಬಗ್ಗಿಸುತ್ತಿದ್ದೆ. ಕ್ರೌಸೆ ಹಾಲಿಲ್ಲದ ಕಾಫಿ ಕೊಡುತ್ತಿದ್ದ. ಅದನ್ನು ಕುಡಿದಂತೆ ಮಾಡಿ ಅವನು ಬಾತ್‌ರೂಮಿಗೆ ಹೋದಾಗ ಸಿಂಕಿಗೆ ಚೆಲ್ಲುತ್ತಿದ್ದೆ. ಅವನು ಜರ್ಮನಿನಲ್ಲಿ ಬೆನ್ನಿನ ಕಥೆ ಹೇಳುತ್ತಿದ್ದ, ನಾನು ಕನ್ನಡದಲ್ಲಿ ದ್ರಾಕ್ಷಿಯ ಬೂದಿರೋಗದ ಕಥೆ ಹೇಳುತ್ತಿದ್ದೆ. ಇಬ್ಬರೂ ಸರಿಯಾದ ಜಾಗದಲ್ಲಿ ತಲೆಯಾಡಿಸುತ್ತಿದ್ದೆವು. ಎರಡು ವಾರಕ್ಕೆ ಅಲಮಾರಿಯಲ್ಲಿ ಹಸಿರು ಚಾಪೆ ಹಾಸಿದಂತಾಯಿತು, ಅಂಗೈ ಇಟ್ಟು ನೋಡಿದರೆ ಎಲ್ಲೂ ಏರಿಳಿತವಿಲ್ಲ.

ಚಿವುಟಿದ ತುದಿಗಳನ್ನು ಅವನು ಕಸಕ್ಕೆ ಹಾಕುತ್ತಿದ್ದ. ಜೀವವಿರುವ ಕಡ್ಡಿಯನ್ನು ಎಸೆಯುವುದು ನನ್ನ ಕೈಯಲ್ಲಿ ಆಗದ ಕೆಲಸ. ಮೊದಲ ವಾರವೇ ಎರಡನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೇಲೆ ತಂದು ನೀರಿನ ಲೋಟದಲ್ಲಿಟ್ಟಿದ್ದೆ. ಬಿಳಿ ಬೇರು ಬಂದವು. ಮೊಸರಿನ ಡಬ್ಬಿಯಲ್ಲಿ ನೆಟ್ಟೆ.

ಆ ಸಂಜೆ ಮಲ್ಲು "ಪುಂಡಿ ಬಂತೇನ?" ಎಂದಾಗ ಕಿಟಕಿಯ ಕಡೆ ತೋರಿಸಿದೆ. "ಬಂದಾವು ನೋಡು. ಊರಿನ ಬೀಜ ಎಲ್ಲಿ ಸುಳ್ಳಾಗತೈತಿ?"

ಅವನು ಊರುಗೋಲು ಗೋಡೆಗೆ ಒರಗಿಸಿ, ಒಂದೇ ಕಾಲಿನ ಮೇಲೆ ನಿಂತು ಅವುಗಳನ್ನು ಬಹಳ ಹೊತ್ತು ನೋಡಿದ.

ಕಿಟಕಿ

ಡಬ್ಬಿಗಳನ್ನು ಹೀಟರಿನ ಮೇಲಿನ ಕಟ್ಟೆಯಲ್ಲಿಟ್ಟೆ. ಮುಂದೆ ಪರದೆ, ಹಿಂದೆ ಗಾಜು, ನಡುವೆ ಒಂದು ಗೇಣು ಜಾಗ. ಅಷ್ಟರಲ್ಲೇ ಬೆಳೆಯಬೇಕು. ಪರದೆಯ ಕಡ್ಡಿಯಿಂದ ದಾರ ಇಳಿಬಿಟ್ಟು ಗಾಜಿಗೆ ಸಮನಾಗಿ ಹಂದರ ಕಟ್ಟಿದೆ. ಎರಡು ಗಿಡ, ಒಂದು ಗಿಡದಷ್ಟೂ ದಪ್ಪವಿಲ್ಲ. ಗೋಡೆಗೆ ಅಂಟಿಸಿದ ಚಿತ್ರದಂತೆ ಕಾಣುತ್ತಿತ್ತು.

ಏಪ್ರಿಲ್ ಮಧ್ಯದಲ್ಲಿ ಒಂದು ಮಧ್ಯಾಹ್ನ ಬೇಳೆ ಕುದಿಯಲು ಇಟ್ಟು, ನಾಲ್ಕು ಎಳೆಯ ಎಲೆ ಕಿತ್ತು, ಒಂದನ್ನು ಬಾಯಿಗೆ ಹಾಕಿಕೊಂಡೆ. ಪುಂಡಿ ಕೀಳುವಾಗ ನಮ್ಮಲ್ಲಿ ಎಲ್ಲರೂ ಒಂದೆಲೆ ಅಗಿಯುತ್ತೇವೆ. ಹುಳಿಗೆ ಕಣ್ಣು ಮುಚ್ಚಬೇಕು, ದವಡೆ ಜುಮ್ಮೆನ್ನಬೇಕು.

ಹುಳಿ ಇರಲಿಲ್ಲ.

ಇನ್ನೊಂದು ಅಗಿದೆ. ಕಹಿಯಿತ್ತು. ಬೆರಳಿಗೆ ಅಂಟು ಹತ್ತಿತ್ತು. ಮೂಗಿನ ಹತ್ತಿರ ತಂದೆ. ನನ್ನ ಸೋದರಮಾವ ಬೈರಾಗಿಗಳ ಜೊತೆ ಕೂತು ಚಿಲುಮೆ ಸೇದಿ ಬಂದರೆ ನಮ್ಮಜ್ಜಿ ಅವನನ್ನು ಬಾವಿಯ ಹತ್ತಿರವೇ ನಿಲ್ಲಿಸಿ ತಲೆಯ ಮೇಲೆ ನೀರು ಹಾಕುತ್ತಿದ್ದಳು. ಮಾವನ ಧೋತರಕ್ಕೆ ಇರುತ್ತಿದ್ದ ವಾಸನೆ ಅದೇ. ಅಲ್ಲಿಯವರೆಗೆ ಗಾಂಜಾದ ಹಸಿ ಗಿಡವನ್ನು ನಾನು ಕಂಡಿರಲಿಲ್ಲ. ಆ ಕ್ಷಣದಲ್ಲಿ ಯಾರೂ ಹೇಳಿಕೊಡಬೇಕಾಗಲಿಲ್ಲ.

ಬಾಯಿ ತೊಳೆದು ಕುರ್ಚಿಯಲ್ಲಿ ಕೂತೆ. ಬೇಳೆ ತಳ ಹಿಡಿಯಿತು. ಮೇ ತಿಂಗಳಿಗೆ ಎರಡು ವಾರ ಇತ್ತು. ಎದ್ದು ಎರಡೂ ಗಿಡ ಕಿತ್ತು ಎಸೆಯಬೇಕಿತ್ತು. ಅಂಗಳದಲ್ಲಿ ನಾಲ್ಕು ಬಣ್ಣದ ಕಸದ ಡಬ್ಬಿಗಳಿದ್ದವು, ಇದನ್ನು ಯಾವುದಕ್ಕೆ ಹಾಕುವುದೆಂದು ತಿಳಿಯಲಿಲ್ಲ ಎಂದು ಎಷ್ಟೋ ದಿನ ನನಗೇ ನಾನು ಹೇಳಿಕೊಂಡೆ. ಅದು ನಿಜವಲ್ಲ. ನಿಜವೇನೆಂದರೆ ಮರುದಿನ ಹನ್ನೊಂದಕ್ಕೆ ನಾನು ಎಂದಿನಂತೆ ಕೆಳಗಿಳಿದೆ, ಎಂದಿನಂತೆ ಎರಡು ಬೆರಳು ಬಗ್ಗಿಸಿದೆ, ಮುದುಕ ಎಂದಿನಂತೆ "ಮೈಸ್ಟರಿನ್" ಎಂದ. ಆ ಮಾತು ಕೇಳಿದ ಮೇಲೆ ಸಂಜೆಯವರೆಗೆ ನನಗೆ ಹಸಿವಾಗುತ್ತಿರಲಿಲ್ಲ. ಕಿಟಕಿಯ ಹಂದರವನ್ನಂತೂ ಹೇಗೆ ಕೀಳಲಿ, ನನ್ನ ಜೀವಮಾನದಲ್ಲಿ ಅಷ್ಟು ಚಂದ ಯಾವ ಬಳ್ಳಿಯನ್ನೂ ಕಟ್ಟಿರಲಿಲ್ಲ.

ಊರಿಗೆ ಹೊರಡುವ ಹಿಂದಿನ ದಿನ ಕಿತ್ತರಾಯಿತು ಎಂದುಕೊಂಡೆ.

ಮಲ್ಲು ಕೇಳುತ್ತಲೇ ಇದ್ದ. "ಯಾವಾಗ ಕೊಯ್ತಿ ಅಕ್ಕಾ?"

"ಇನ್ನಾ ಎಳೇದೈತಿ."

ಒಂದು ಶನಿವಾರ ಪ್ರಸನ್ನ ಊಟಕ್ಕೆ ಬಂದ. ಪರದೆ ಸರಿಸಿ ಬಗ್ಗಿ ನೋಡಿದ.

"ಗುರು, ಇದು ಪುಂಡೀನೇನಾ?" ಎಂದು ಮಲ್ಲುವನ್ನು ಕೇಳಿದ. "ಕಾಲೇಜ್ ಹಾಸ್ಟೆಲಲ್ಲಿ ಒಬ್ಬನ ಟೀ ಶರ್ಟ್ ಮೇಲೆ ಇಂಥದ್ದೇ ಎಲೆ ಇತ್ತು ಮಗಾ. ಅವನೇನು ಪಲ್ಯ ತಿನ್ನೋನಲ್ಲ."

ನನ್ನ ಬಾಯಿ ಅದರ ಕೆಲಸ ತಾನು ಮಾಡಿತು. "ಸೊಪ್ಪಿನ ಸಾರು ಉಣ್ಣೋ ಮೈಸೂರವ್ರಿಗೆ ಪುಂಡಿ ಏನ್ ತಿಳೀತೈತಿ? ಹೋಗಿ ಕೈ ತೊಳಕೋ."

ಮಲ್ಲು ಹೊಟ್ಟೆ ಹಿಡಿದು ನಕ್ಕ. ಪ್ರಸನ್ನನೂ ನಕ್ಕ. "ತಪ್ಪಾಯ್ತು ಅಕ್ಕಾ. ಆದ್ರೆ ಬೇಗ ಬೇಯಿಸ್ಬಿಡಿ, ವಾಸ್ನೆ ಜಾಸ್ತಿ ಆಗ್ತಿದೆ."

ಹೀಟರ್ ಓದುವವನು

ಆ ದೇಶದಲ್ಲಿ ವರ್ಷಕ್ಕೊಮ್ಮೆ ಒಬ್ಬ ಮನುಷ್ಯ ಮನೆ ಮನೆಗೆ ಬಂದು, ಪ್ರತಿ ಕೋಣೆಯ ಹೀಟರಿಗೆ ಅಂಟಿಸಿದ ಚಿಕ್ಕ ಗಾಜಿನ ನಳಿಗೆ ನೋಡಿ, ಯಾರು ಎಷ್ಟು ಬಿಸಿ ಉಪಯೋಗಿಸಿದರು ಎಂದು ಬರೆದುಕೊಂಡು ಹೋಗುತ್ತಾನೆ. ಕೆಳಗಿನ ಬಾಗಿಲಿಗೆ ಚೀಟಿ ಹಚ್ಚಿರುತ್ತಾರೆ. ನನಗೆ ಅದು ಓದಲು ಬಾರದು, ಮಲ್ಲು ಹೇಳಲು ಮರೆತಿದ್ದ.

ಮೇ ಮೊದಲ ವಾರ ಆ ಮನುಷ್ಯ ಬಂದ. ಕೋಣೆಯ ಹೀಟರ್ ಪರದೆಯ ಹಿಂದೆ ಇತ್ತು. ನಾನು ಪರದೆಗೆ ಬೆನ್ನು ಕೊಟ್ಟು ನಿಂತೆ. ಅವನು ನಗುತ್ತ ಸರಿಯಲು ಹೇಳಿದ. ಚಹಾ ಬೇಕೇ ಎಂದು ಸನ್ನೆ ಮಾಡಿದೆ. ಬೇಡ ಎಂದ. ರೊಟ್ಟಿ ತೋರಿಸಿದೆ. ಬೇಡ ಎಂದ. ಕೊನೆಗೆ ನನ್ನ ಪಕ್ಕದಿಂದಲೇ ಕೈ ಚಾಚಿ ಪರದೆ ಸರಿಸಿದ. ಹಂದರವನ್ನು ನೋಡಿದ. ಬಗ್ಗಿ ನಳಿಗೆಯ ಅಂಕಿ ಬರೆದುಕೊಂಡ. ಎದ್ದು ಮತ್ತೊಮ್ಮೆ ಹಂದರವನ್ನು ನೋಡಿ, ಟೋಪಿ ಮುಟ್ಟಿ ನಮಸ್ಕಾರ ಹೇಳಿ ಹೋದ. ಇಷ್ಟು ಮರ್ಯಾದಸ್ಥ ಚಾಡಿಕೋರನನ್ನು ನಾನು ಎಲ್ಲೂ ನೋಡಿಲ್ಲ.

ಗಿಡ ಕೀಳಲು ನನಗೆ ಇನ್ನೂ ಮೂರು ತಾಸು ಸಮಯವಿತ್ತು. ನಾನು ಹಾಸಿಗೆಯ ಮೇಲೆ ಕೂತೇ ಇದ್ದೆ. ಪೊಲೀಸರು ಇಬ್ಬರು ಬಂದರು, ಎರಡನೆಯ ಮಹಡಿಯನ್ನು ದಾಟಿಕೊಂಡು. ಬೂಟುಗಳನ್ನು ಬಾಗಿಲಿನ ಚಾಪೆಗೆ ಒರೆಸಿ ಒಳಗೆ ಬಂದರು.

ಪ್ರಸನ್ನ ವಾಲ್‌ಡಾರ್ಫಿನಿಂದ ಮಲ್ಲುವನ್ನು ಕರೆತಂದ. ಬಂದವನೇ ಮಲ್ಲು ಪೊಲೀಸರಿಗೆ ಪುಂಡಿಪಲ್ಯದ ಬಗ್ಗೆ ಭಾಷಣ ಮಾಡಿದ. ನನಗೆ ಜರ್ಮನ್ ಬಾರದಿದ್ದರೂ ಅದು ಅಡುಗೆಯ ವಿಧಾನ ಎಂದು ಅವನ ಕೈಗಳಿಂದ ತಿಳಿಯುತ್ತಿತ್ತು. ಜೋಳದ ನುಚ್ಚು, ಬೇಳೆ, ಬೆಳ್ಳುಳ್ಳಿ ಒಗ್ಗರಣೆ. ದೊಡ್ಡ ಪೊಲೀಸ್, ಅಲ್ಲಿನ ಎಲ್ಲರಂತೆ ನಡುನಡುವೆ ಅವನ ಜರ್ಮನ್ ತಿದ್ದುತ್ತ, ಗಂಭೀರವಾಗಿ ಕೇಳಿಸಿಕೊಂಡ. ಚಿಕ್ಕವನು ಒಂದು ಎಲೆ ಚಿವುಟಿ, ಬೆರಳಲ್ಲಿ ತಿಕ್ಕಿ, ಮಲ್ಲುವಿನ ಮೂಗಿಗೆ ಹಿಡಿದ. ಮಲ್ಲುವಿನ ಕೈಗಳು ಗಾಳಿಯಲ್ಲೇ ನಿಂತವು.

"ಅಕ್ಕಾ, ಇದು ಗಾಂಜಾ ಅಂತ ಅನ್ನಾಕತ್ತಾರ."

"ಶಿವನೇ" ಎಂದೆ. "ನನಗೇನ್ ಗೊತ್ತೋ ತಮ್ಮಾ."

ಅವನು ತಿರುಗಿ ಅದನ್ನೇ ಜರ್ಮನಿನಲ್ಲಿ ಹೇಳಿದ. ಬೀಜ ಊರಿನಿಂದ ಬಂದದ್ದು, ಪುಂಡಿಯ ಜೊತೆ ಕಲೆತಿರಬೇಕು ಎಂದನಂತೆ. ಮನೆ ಅವನ ಹೆಸರಿನಲ್ಲಿತ್ತು, ಆದ್ದರಿಂದ ಕೇಸೂ ಅವನ ಹೆಸರಿನಲ್ಲೇ ಆಯಿತು. ಪೊಲೀಸರು ನನ್ನ ಹಂದರವನ್ನು ದಾರ ಸಮೇತ ಬಿಚ್ಚಿ ಒಂದು ಕಾಗದದ ಚೀಲಕ್ಕೆ ಹಾಕಿಕೊಂಡರು. ಬಿಚ್ಚುವುದಕ್ಕೆ ಅವರಿಗೆ ಬಹಳ ಹೊತ್ತು ಹಿಡಿಯಿತು. ಆ ಹೊತ್ತಿನಲ್ಲೂ ನನಗೆ, ಗಂಟು ಎಷ್ಟು ಗಟ್ಟಿ ಬಿದ್ದಿವೆ ನೋಡು ಎಂಬ ಹೆಮ್ಮೆ ಬಂತು.

ಕ್ರೌಸೆಯ ಹೆಸರನ್ನು ನಾನು ಯಾರಿಗೂ ಹೇಳಲಿಲ್ಲ. ಅದನ್ನು ನನ್ನ ದೊಡ್ಡಗುಣ ಎಂದುಕೊಳ್ಳಬೇಡಿ. ಅವನ ಹೆಸರು ಬಂದರೆ ಅವನ ಅಲಮಾರಿಯಲ್ಲಿ ಯಾರು ಕೆಲಸ ಮಾಡಿದರು ಎಂಬುದೂ ಬರುತ್ತಿತ್ತು. ಎರಡು ದಿನದ ಮೇಲೆ ಮೆಟ್ಟಿಲಲ್ಲಿ ಸಿಕ್ಕಾಗ ಮುದುಕ ಟೋಪಿ ತೆಗೆದು ತಲೆ ಬಗ್ಗಿಸಿದ. ಅವನ ಅಂಗಿಗೆ ಇಸ್ತ್ರಿಯ ಮಡಿಕೆಯಿತ್ತು, ಅಲಮಾರಿಗೆ ಬಟ್ಟೆಗಳು ವಾಪಸು ಬಂದಿರಬೇಕು. ಹನ್ನೊಂದು ಗಂಟೆಗೆ ಆಮೇಲೆ ನಾನು ಕೆಳಗಿಳಿಯಲಿಲ್ಲ.

ಠಾಣೆ

ಮುಂದೆ ಆದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಕೇಸು ಏಳು ತಿಂಗಳ ಮೇಲೆ ಮುಚ್ಚಿತು. ಅಲ್ಲಿಯವರೆಗೆ ಮಲ್ಲುವಿಗೆ ಪರ್ಮಿಟ್ಟನ್ನು ಎರಡೆರಡು ತಿಂಗಳು, ತುಂಡು ತುಂಡಾಗಿ ಕೊಟ್ಟರು. ಪ್ರತಿ ಸಲವೂ ಬೆಳಿಗ್ಗೆ ಸಾಲಿನಲ್ಲಿ ನಿಂತು, ಕೇಳಿದ್ದಕ್ಕೆ ಮತ್ತೆ ಮೊದಲಿನಿಂದ ಉತ್ತರ ಹೇಳಬೇಕು. ಆ ವರ್ಷ ಅವನು ಊರಿಗೆ ಬರಲಿಲ್ಲ. ಕೊನೆಗೆ ಪೂರ್ತಿ ಪರ್ಮಿಟ್ ಸಿಕ್ಕಿತು. ಈಗ ಅವನು ಹ್ಯಾಂಬರ್ಗಿನಲ್ಲಿದ್ದಾನೆ, ಮದುವೆಯಾಗಿದೆ, ಊರಿಗೆ ಬಂದಾಗ ಅಕ್ಕ ಗಾಂಜಾಕ್ಕೆ ಪುಂಡಿ ಎಂದು ನೀರು ಹಾಕಿದ ಕಥೆಯನ್ನು ಅವನೇ ಹೇಳಿ ನಗಿಸುತ್ತಾನೆ. ಆ ಏಳು ತಿಂಗಳು ಅವನಿಗೆ ಬೇಕಿರಲಿಲ್ಲ. ನನ್ನ ಒಂದು ಮಾತಿನಿಂದ ಅದು ತಪ್ಪುತ್ತಿತ್ತು. ಆ ಮಾತು ಹೇಳಲು ನನ್ನನ್ನು ಕುರ್ಚಿ ಹಾಕಿ ಕೂರಿಸಿ ಕೇಳಿದ್ದರು.

ನಾನು ಹೊರಡುವುದಕ್ಕೆ ಒಂದು ವಾರ ಮೊದಲು ಹೇಳಿಕೆ ಕೊಡಲು ಇಬ್ಬರನ್ನೂ ಠಾಣೆಗೆ ಕರೆದರು. ಮೊದಲು ನನ್ನ ಸರದಿ. ಮಲ್ಲು ಹೊರಗೆ ಬೆಂಚಿನ ಮೇಲೆ ಕೂತ. ಒಳಗೆ ಒಬ್ಬ ಅಧಿಕಾರಿ, ಪಕ್ಕದಲ್ಲಿ ದಿಲ್ಲಿ ಕಡೆಯ ಹೆಂಗಸೊಬ್ಬಳು ದುಭಾಷಿ. ಅವಳದು ಪುಸ್ತಕದ ಹಿಂದಿ, ನನ್ನದು ವಿಜಯಪುರದ ಬಜಾರಿನ ಹಿಂದಿ. ಆದರೂ ಮುಖ್ಯ ಪ್ರಶ್ನೆ ಸ್ಪಷ್ಟವಾಗಿಯೇ ಅರ್ಥವಾಯಿತು. ಇದನ್ನು ನೆಟ್ಟವರು ಯಾರು? ಇದು ಏನೆಂದು ನಿಮಗೆ ಯಾವಾಗಲಾದರೂ ಗೊತ್ತಾಯಿತೇ? ತಮ್ಮನಿಗೆ ಗೊತ್ತಿತ್ತೇ?

ನೆಟ್ಟದ್ದು ನಾನು, ನನಗೆ ಗೊತ್ತಾಯಿತು, ಅವನಿಗೆ ಗೊತ್ತಿರಲಿಲ್ಲ. ಹೇಳಬೇಕಾದದ್ದು ಇಷ್ಟೇ. ಗೋಡೆಯ ಮೇಲಿನ ಗಡಿಯಾರ ನೋಡಿದೆ. ಜೈಲಿನಲ್ಲಿ ಏನು ಊಟ ಹಾಕುತ್ತಾರೋ ಎಂಬ ಯೋಚನೆ ಬಂತು.

"ಮೈ ಅನ್‌ಪಢ್ ಔರತ್" ಎಂದೆ, ಓದು ಬರಹ ಬಾರದ ಹೆಂಗಸು ಎಂದು. "ಮೇರೇಕು ಕ್ಯಾ ಮಾಲೂಮ್. ತರಕಾರಿ ಸಮ್‌ಝೀ."

ಅಧಿಕಾರಿ ಟೈಪು ಮಾಡಿ, ಹಾಳೆ ನನ್ನ ಮುಂದೆ ಇಟ್ಟು, ಪೆನ್ನು ಕೊಟ್ಟ. ಪೆನ್ನು ಹಿಡಿದರೆ ನಾನು ಹೇಳಿದ್ದು ಸುಳ್ಳಾಗುತ್ತದೆ ಎಂದು ಆಗ ಹೊಳೆಯಿತು. ಪೆನ್ನನ್ನು ವಾಪಸು ಸರಿಸಿ ಹೆಬ್ಬೆರಳು ಎತ್ತಿ ತೋರಿಸಿದೆ.

ಅವನು ಚೆನ್ನಾಗಿದೆ ಎಂಬ ಸನ್ನೆ ಅಂದುಕೊಂಡು ತಾನೂ ಹೆಬ್ಬೆರಳು ಎತ್ತಿದ. ದುಭಾಷಿ ವಿವರಿಸಿದಳು. ಅವನು ಅವಳನ್ನೇ ಇನ್ನೊಮ್ಮೆ ಕೇಳಿದ. ಆಮೇಲೆ ಎದ್ದು ಶಾಯಿಯ ಮೆತ್ತೆ ಹುಡುಕಲು ಹೋದ. ಮೂರು ಕೋಣೆ ತಿರುಗಿ, ರಬ್ಬರ್ ಮುದ್ರೆ ಒತ್ತುವ ನೀಲಿ ಮೆತ್ತೆಯೊಂದನ್ನು ತಂದ. ಜೊತೆಗೆ ನೋಡಲು ಇನ್ನಿಬ್ಬರು ಬಂದರು. ಮ್ಯೂಸಿಯಮ್ಮಿನ ವಸ್ತುವನ್ನು ನೋಡುವ ಹಾಗೆ ಕೈ ಕಟ್ಟಿ ನಿಂತರು. ದಿನಾ ಪೇಪರ್ ಓದುವವಳು, ಸ್ವಸಹಾಯ ಸಂಘದ ನಡಾವಳಿ ಪುಸ್ತಕ ಬರೆಯುವವಳು, ಅವರ ಮುಂದೆ ಹೆಬ್ಬೆಟ್ಟು ಒತ್ತಿದೆ. ಬಲಗೈಯದೋ ಎಡಗೈಯದೋ ಗೊತ್ತಿರಲಿಲ್ಲ, ಎರಡನ್ನೂ ಒತ್ತಿದೆ.

ಹೊರಗೆ ಬಂದಾಗ ಮಲ್ಲು ಬೆಂಚಿನಿಂದ ಎದ್ದು ನಿಂತ. ನನ್ನ ಮುಖ ನೋಡಿದ, ಆಮೇಲೆ ಕೈ ನೋಡಿದ. ಸೆರಗಿನಲ್ಲಿ ಮುಚ್ಚಿಕೊಳ್ಳುವಷ್ಟರಲ್ಲಿ ನೋಡಿಬಿಟ್ಟಿದ್ದ.

"ಅಕ್ಕಾ, ಇದ್ಯಾಕ?"

"ಕೇಳಿದ್ರು. ಒತ್ತಿದೆ."

"ನನಗ ಪಾಟಿ ಮ್ಯಾಲ ಕೈ ಹಿಡದು ತಿದ್ದಿಸಿದಾಕಿ ನೀ."

ಅವನು ಊರುಗೋಲಿನ ಮೇಲೆ ಭಾರ ಹಾಕಿ ಸ್ವಲ್ಪ ಬಗ್ಗಿ, ದನಿ ತಗ್ಗಿಸಿದ. "ಗೊತ್ತಿತ್ತೇನ ನಿನಗ?"

ಆ ಕಾರಿಡಾರಿನಲ್ಲಿ ಆಗ ನಮ್ಮಿಬ್ಬರ ಹೊರತು ಯಾರೂ ಇರಲಿಲ್ಲ. ಕನ್ನಡ ತಿಳಿಯುವವರು ಆ ಇಡೀ ಕಟ್ಟಡದಲ್ಲಿ ಇರಲಿಲ್ಲ. ಹೂಂ ಎಂದಿದ್ದರೆ ಅವನು ಅದನ್ನು ಒಳಗೆ ಒಯ್ಯಬಹುದಿತ್ತು. ನಾನು ಹೆಬ್ಬೆರಳನ್ನು ಸೀರೆಗೆ ತಿಕ್ಕುತ್ತ ನಿಂತೆ. ಬಾಗಿಲು ತೆರೆದು ಅವನ ಹೆಸರು ಕರೆದರು.

ಅರ್ಧ ತಾಸಿನ ಮೇಲೆ ಅವನು ಹೊರಬಂದ. ನಾವು ಟ್ರಾಮಿನಲ್ಲಿ ಕೂತ ಮೇಲೆ, ಕಿಟಕಿಯ ಕಡೆ ನೋಡುತ್ತ ಹೇಳಿದ:

"ನಿನ್ನ ಬಗ್ಗೆ ಕೇಳಿದ್ರು. ನಮ್ಮಕ್ಕಗ ಅಕ್ಷರ ಬರೂದಿಲ್ಲ ಅಂದೆ. ಎರಡ್ ವರ್ಷದಾಗ ಮೊದಲ್ನೇ ಸಲ, ನನ್ನ ಜರ್ಮನ್ ಯಾರೂ ತಿದ್ದಲಿಲ್ಲ."